ಬೆಂಗಳೂರು ಮದುವೆಗೆ ಬಂದ ನೆಂಟರನ್ನು ಎಲ್ಲಿಗೆ ಕರೆದುಕೊಂಡು ಹೋಗೋದು? ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಮದುವೆ ಅಂದರೆ ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು, ಕಲಬುರಗಿ ಕಡೆಯ ನೆಂಟರು ರಾತ್ರಿ ಬಸ್ಸು, ರೈಲು ಹತ್ತಿ ಬೆಳಗಾಗುವಷ್ಟರಲ್ಲಿ ಬಂದಿಳಿಯುತ್ತಾರೆ. ರಿಸೆಪ್ಷನ್ ಇರುವುದು ಸಂಜೆ ಏಳಕ್ಕೆ. ಸ್ನಾನ ಆಯಿತು, ತಿಂಡಿ ಆಯಿತು, ಆಮೇಲೆ? ಮದುವೆ ಮನೆಯವರಿಗೆ ಹೂವಿನವನು, ಅಡುಗೆ ಭಟ್ಟರು, ಪುರೋಹಿತರು ಅಂತ ನೂರೆಂಟು ತಲೆನೋವು. ಬಂದವರು ಛತ್ರದ ರೂಮಿನಲ್ಲಿ ಸುಮ್ನೆ ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ಎಷ್ಟೋ ಜನ ಹಿರಿಯರಿಗೆ ಬೆಂಗಳೂರಿಗೆ ಬರುವುದೇ ಇಂಥ ಒಂದು ಮದುವೆಯ ನೆಪದಲ್ಲಿ. ಅವರಿಗೆ ಅರ್ಧ ದಿನವಾದರೂ ಊರು ತೋರಿಸುವುದು ಊಟ ಬಡಿಸುವಷ್ಟೇ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಮನೆಯಲ್ಲಿ ಈ ಜವಾಬ್ದಾರಿ ನಿಮ್ಮ ತಲೆಗೆ ಬಂದಿದ್ದರೆ ಇದು ನಿಮಗಾಗಿ.

1. ಮೊದಲು ಸಮಯ ಹುಡುಕಿ, ಜಾಗ ಆಮೇಲೆ

ಎಲ್ಲರೂ ಮೊದಲು ಜಾಗಗಳ ಪಟ್ಟಿ ಮಾಡಲು ಕೂರುತ್ತಾರೆ. ವಿಧಾನಸೌಧ, ಲಾಲ್‌ಬಾಗ್, ಇಸ್ಕಾನ್, ಬನ್ನೇರುಘಟ್ಟ, ನಂದಿ ಬೆಟ್ಟ, ಎಲ್ಲವೂ ಒಂದೇ ದಿನಕ್ಕೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಇದು ಆಗುವ ಮಾತಲ್ಲ. ಲಗ್ನಪತ್ರಿಕೆ ಕೈಗೆ ತಗೊಂಡು ಕೂತು, ನೆಂಟರಿಗೆ ನಿಜವಾಗಿ ಬಿಡುವು ಸಿಗುವುದು ಯಾವಾಗ ಅಂತ ಗುರುತು ಹಾಕಿ.

ನಮ್ಮ ಕಡೆ ಸಾಮಾನ್ಯವಾಗಿ ಮೂರು ಬಿಡುವು ಸಿಗುತ್ತವೆ. ರಿಸೆಪ್ಷನ್ ದಿನ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ. ಮುಹೂರ್ತದ ದಿನ ಊಟ ಮುಗಿದ ಮೇಲೆ, ರಾತ್ರಿ ಬಸ್ಸು ಹತ್ತುವವರೆಗೆ. ಇನ್ನೊಂದು ಮಾರನೆಯ ದಿನ, ಬೀಗರ ಔತಣ ಇಲ್ಲದಿದ್ದರೆ ಪೂರ್ತಿ ದಿನ. ಮುಹೂರ್ತದ ಬೆಳಿಗ್ಗೆ ಮಾತ್ರ ಯಾರನ್ನೂ ಎಲ್ಲಿಗೂ ಕಳಿಸಬೇಡಿ. "ಇಲ್ಲೇ ಹತ್ತಿರ, ದೇವಸ್ಥಾನಕ್ಕೆ ಹೋಗಿ ಬರ್ತೀವಿ" ಅಂತ ಹೊರಟ ದೊಡ್ಡಮ್ಮ ಧಾರೆ ಹೊತ್ತಿಗೆ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಅವರಿಗೂ ಬೇಸರ, ನಿಮಗೂ ಬೇಸರ.

ಒಂದು ಬಿಡುವಿಗೆ ಒಂದೇ ಪ್ರದೇಶ. ನಡೆದೋ, ಹತ್ತು ನಿಮಿಷದ ಆಟೋದಲ್ಲೋ ಮುಗಿಯುವಂತೆ ಎರಡು ಮೂರು ಜಾಗ ಇದ್ದರೆ ಸಾಕು. ರಿಸೆಪ್ಷನ್ ದಿನ ಮಧ್ಯಾಹ್ನ ಎರಡರ ಹೊತ್ತಿಗೆ ಎಲ್ಲರೂ ವಾಪಸ್ ಬಂದಿರಬೇಕು. ಸೀರೆ ಉಟ್ಟು, ಜಡೆ ಹಾಕಿ, ಮಕ್ಕಳನ್ನು ಒಂದು ಗಳಿಗೆ ಮಲಗಿಸಿ ತಯಾರಾಗಲು ಇರುವ ಒಂದೆರಡು ಬಚ್ಚಲುಮನೆಗಳಿಗೆ ಎಲ್ಲರೂ ಸರದಿ ನಿಲ್ಲಬೇಕು ಅಲ್ವಾ.

2. ಛತ್ರ ಯಾವ ಕಡೆ ಇದೆ?

ಇದರ ಮೇಲೆ ಮುಕ್ಕಾಲು ಭಾಗ ನಿರ್ಧಾರ ಆಗಿಹೋಗುತ್ತದೆ.

ಛತ್ರ ಬಸವನಗುಡಿ, ಜಯನಗರ, ಬನಶಂಕರಿ ಕಡೆ ಇದ್ದರೆ ನಿಮ್ಮ ಅದೃಷ್ಟ. ಹಳೆಯ ಬೆಂಗಳೂರೆಲ್ಲ ಅಲ್ಲೇ ಇದೆ. ಮಲ್ಲೇಶ್ವರ, ರಾಜಾಜಿನಗರ ಆದರೆ ಕಾಡು ಮಲ್ಲೇಶ್ವರ ದೇವಸ್ಥಾನ, ಅದರ ಎದುರಿನ ನಂದಿತೀರ್ಥ, ಎಂಟನೇ ಕ್ರಾಸಿನ ಅಂಗಡಿ ಸಾಲು, ಇಸ್ಕಾನ್. ಅರಮನೆ ಮೈದಾನದಲ್ಲಿ ಮದುವೆ ಇದ್ದರೆ ಬೆಂಗಳೂರು ಅರಮನೆ ಪಕ್ಕದಲ್ಲೇ ಇದೆ, ಆದರೆ ಟಿಕೆಟ್ ಸ್ವಲ್ಪ ಜಾಸ್ತಿ, ಇಪ್ಪತ್ತು ಜನರನ್ನು ಕರೆದುಕೊಂಡು ಹೋಗುವ ಮುಂಚೆ ಲೆಕ್ಕ ಹಾಕಿ. ವೈಟ್‌ಫೀಲ್ಡ್ ಆದರೆ ಸುತ್ತಮುತ್ತ ಹುಡುಕಾಡಬೇಡಿ, ನೇರಳೆ ಮೆಟ್ರೋ ಹತ್ತಿಸಿ ಸೀದಾ ಕಬ್ಬನ್ ಪಾರ್ಕಿಗೆ ಕರೆತನ್ನಿ. ಮಾಲ್ ತೋರಿಸುವುದಕ್ಕಿಂತ ಅದು ಎಷ್ಟೋ ಮೇಲು.

ಯಲಹಂಕ, ದೇವನಹಳ್ಳಿ ಕಡೆಯ ರೆಸಾರ್ಟ್‌ನಲ್ಲಿ ಮದುವೆಯಾದರೆ ಊರೊಳಗೆ ಬರುವ ಆಸೆಯನ್ನೇ ಬಿಡಿ. ಟಿಪ್ಪು ಹುಟ್ಟಿದ ದೇವನಹಳ್ಳಿಯ ಕೋಟೆ, ವಿಮಾನ ನಿಲ್ದಾಣದ ಬಳಿಯ 108 ಅಡಿಯ ಕೆಂಪೇಗೌಡರ ಪ್ರತಿಮೆ, ನಂದಿ ಗ್ರಾಮದ ಭೋಗನಂದೀಶ್ವರ, ಇಷ್ಟರಲ್ಲೇ ಅರ್ಧ ದಿನ ಚೆನ್ನಾಗಿ ಕಳೆಯುತ್ತದೆ. ನಂದಿ ಬೆಟ್ಟಕ್ಕೇ ಹೋಗಬೇಕು ಅಂತ ಹುಡುಗರು ಹಟ ಹಿಡಿಯುತ್ತಾರೆ. ವಾರದ ನಡುವೆ ಆದರೆ ಹೋಗಲಿ. ಶನಿವಾರ, ಭಾನುವಾರ ಬೆಳಗಿನ ಜಾವ ಬೆಟ್ಟದ ಕೆಳಗೆ ಕಾರುಗಳ ಸಾಲಿನಲ್ಲಿ ಕೂತೇ ಸೂರ್ಯೋದಯ ನೋಡಬೇಕಾಗುತ್ತದೆ. ಅದರ ಬದಲು ಬೆಟ್ಟದ ಬುಡದ ಭೋಗನಂದೀಶ್ವರಕ್ಕೆ ಕರೆದುಕೊಂಡು ಹೋಗಿ. ಒಂಬತ್ತನೇ ಶತಮಾನದಷ್ಟು ಹಳೆಯ ದೇವಸ್ಥಾನ, ವಿಶಾಲವಾದ ಕಲ್ಲಿನ ಪ್ರಾಕಾರ, ದೊಡ್ಡ ಕಲ್ಯಾಣಿ. ಅಜ್ಜಿಯರು ಮೆಟ್ಟಿಲ ಮೇಲೆ ಆರಾಮವಾಗಿ ಕೂರಬಹುದು.

ಬೊಮ್ಮನಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ಕಡೆಯವರು ಬೇಗೂರಿನ ನಾಗೇಶ್ವರ ದೇವಸ್ಥಾನವನ್ನು ಮರೆಯಬಾರದು. "ಬೆಂಗಳೂರ ಕಾಳೆಗ" ಅಂತ ಬರೆದಿರುವ ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲು ಸಿಕ್ಕಿದ್ದು ಇಲ್ಲೇ. ಕೆಂಪೇಗೌಡರು ಊರು ಕಟ್ಟುವ ಆರು ನೂರಕ್ಕೂ ಹೆಚ್ಚು ವರ್ಷ ಮುಂಚೆಯೇ ಈ ಹೆಸರು ಇತ್ತು ಅಂತ ಗೊತ್ತಾದರೆ ಊರಿಂದ ಬಂದ ಮೇಷ್ಟ್ರು ಮಾವನವರಿಗೆ ತುಂಬಾ ಖುಷಿ ಆಗುತ್ತದೆ.

3. ಯಾರು ಬಂದಿದ್ದಾರೆ ನೋಡಿ ಗುಂಪು ಮಾಡಿ

ಎಲ್ಲರನ್ನೂ ಒಂದೇ ಕಡೆ ಎಳೆದುಕೊಂಡು ಹೋಗಬೇಡಿ. ಮಂಡಿ ನೋವಿರುವ ಹಿರಿಯರು, ಮಕ್ಕಳಿರುವ ಮನೆಯವರು, ಸೀರೆ ಅಂಗಡಿಗೆ ಹೋಗಲೇಬೇಕು ಅನ್ನುವವರು, ಹುಡುಗ ಹುಡುಗಿಯರು, ಇಷ್ಟು ಗುಂಪು ಸಾಕು. ಪ್ರತಿ ಗುಂಪಿಗೂ ಊರು ಗೊತ್ತಿರುವ ಒಬ್ಬರು ಇರಲಿ. ಗಂಡಿನ ಕಡೆಯವರು ಹೊರಗಿನಿಂದ ಬಂದಿದ್ದರೆ ಅವರ ಜೊತೆ ಕೇವಲ ಡ್ರೈವರ್‌ನ ಕಳಿಸಬೇಡಿ. ನಿಮ್ಮ ಮನೆಯವರೇ ಒಬ್ಬರು ಹೋಗಬೇಕು. ಎಷ್ಟು ಕೆಲಸ ಇದ್ದರೂ ಸರಿ, ಬೀಗರ ವಿಷಯದಲ್ಲಿ ಇದೊಂದು ಮರ್ಯಾದೆ ಉಳಿಸಿಕೊಳ್ಳಿ.

4. ಹಿರಿಯರಿಗೆ: ಬಸವನಗುಡಿ

ಅರ್ಧ ದಿನಕ್ಕೆ ನನ್ನ ಮೊದಲ ಆಯ್ಕೆ ಯಾವಾಗಲೂ ಇದೇ. ದೊಡ್ಡ ಬಸವಣ್ಣ, ದೊಡ್ಡ ಗಣಪತಿ, ಬ್ಯೂಗಲ್ ರಾಕ್ ಮೂರೂ ಒಂದರ ಪಕ್ಕ ಒಂದು. ಒಂದೇ ಕಲ್ಲಿನಲ್ಲಿ ಕಡೆದ ಬಸವಣ್ಣ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಹತ್ತಿರ ನಿಂತರೆ ಮುಖ ನೋಡಲು ತಲೆ ಪೂರ್ತಿ ಎತ್ತಬೇಕು. ಕೆಳಗೆ ದೊಡ್ಡ ಗಣಪತಿಗೆ ಬೆಣ್ಣೆ ಅಲಂಕಾರ ಇರುವ ದಿನ ಸಿಕ್ಕರೆ ಹಿರಿಯರು ಅಲ್ಲಿಂದ ಕದಲುವುದೇ ಇಲ್ಲ. ಮದುವೆ ಕಾರ್ತಿಕ ಮಾಸದ ಕೊನೆಗೆ ಬಂದಿದ್ದರೆ ಕಡಲೆಕಾಯಿ ಪರಿಷೆ ನೋಡಿಕೊಳ್ಳಿ, ಕಾರ್ತಿಕದ ಕೊನೆಯ ಸೋಮವಾರ ನಡೆಯುವುದು. ಆ ಸಮಯದಲ್ಲಿ ಗಾಡಿ ಅಲ್ಲಿಗೆ ಹೋಗುವುದಿಲ್ಲ, ದೂರದಲ್ಲಿ ಇಳಿದು ನಡೆಯಬೇಕು. ಹಿರಿಯರಿಗೆ ಕಷ್ಟ, ಉಳಿದವರಿಗೆ ಹಬ್ಬ.

ಅಲ್ಲಿಂದ ಗವಿಪುರದ ಗವಿ ಗಂಗಾಧರೇಶ್ವರ ಹತ್ತಿರ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವಿಂದ ಹಾದು ಲಿಂಗವನ್ನು ಮುಟ್ಟುವುದು ಇಲ್ಲೇ. ಬೇರೆ ದಿನವೂ ನೋಡುವಂಥ ಜಾಗ, ಹೊರಗಿನ ಅಂಗಳದ ದೊಡ್ಡ ಕಲ್ಲಿನ ಸೂರ್ಯಪಾನ, ಚಂದ್ರಪಾನ ಫಲಕಗಳನ್ನು ತೋರಿಸದೆ ಬರಬೇಡಿ. ಒಂದು ಎಚ್ಚರಿಕೆ: ಒಳಗೆ ಗರ್ಭಗುಡಿ ಸುತ್ತುವ ದಾರಿ ಗುಹೆಯೇ, ಸೂರು ತುಂಬಾ ತಗ್ಗು. ಬೆನ್ನು, ಮಂಡಿ ನೋವಿರುವವರು ಮುಂದಿನಿಂದಲೇ ಕೈ ಮುಗಿದು ಬರಲಿ.

ಬನಶಂಕರಿ ಅಮ್ಮನ ದೇವಸ್ಥಾನಕ್ಕೆ ಹೋಗಬೇಕು ಅನ್ನುವ ಚಿಕ್ಕಮ್ಮಂದಿರು ಇದ್ದೇ ಇರುತ್ತಾರೆ. ಅಲ್ಲಿ ರಾಹುಕಾಲದ ಪೂಜೆ, ನಿಂಬೆಹಣ್ಣಿನ ದೀಪ ವಿಶೇಷ. ಆ ದಿನದ ರಾಹುಕಾಲ ನೋಡಿಕೊಂಡು ಹೊರಡಿ. ಮಂಗಳವಾರ, ಶುಕ್ರವಾರ ಸಾಲು ಉದ್ದ.

ಇನ್ನು ತಿಂಡಿ. ಗಾಂಧಿ ಬಜಾರಿಗೆ ಬಂದು ವಿದ್ಯಾರ್ಥಿ ಭವನದ ಮಸಾಲೆ ದೋಸೆ ತಿನ್ನದೆ ಹೋಗುವುದು ಹೇಗೆ? 1943ರಿಂದ ಇರುವ ಹೋಟೆಲು, ಶುಕ್ರವಾರ ರಜೆ. ಹದಿನೈದು ಜನ ಒಟ್ಟಿಗೆ ಹೋಗಿ ನಿಂತರೆ ಒಟ್ಟಿಗೆ ಜಾಗ ಸಿಗುವುದಿಲ್ಲ, ನಾಲ್ಕು ನಾಲ್ಕು ಜನರಾಗಿ ಹೆಸರು ಬರೆಸಿ. ಕಾಯುವವರು ಹೊರಗೆ ಹೂವು, ಹಣ್ಣಿನ ಅಂಗಡಿ ನೋಡುತ್ತಿರಲಿ. ನಿಂತು ತಿನ್ನುವುದಕ್ಕೆ ತೊಂದರೆ ಇಲ್ಲದವರಿಗೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್, ಇಡ್ಲಿ ವಡೆಯ ಮೇಲೆ ಚಟ್ನಿ ಎಷ್ಟು ಸಲ ಕೇಳಿದರೂ ಹಾಕುತ್ತಾರೆ.

5. ಮಕ್ಕಳಿದ್ದರೆ: ಲಾಲ್‌ಬಾಗ್, ಇಲ್ಲವೇ ಕಬ್ಬನ್ ಪಾರ್ಕ್

ಎರಡರಲ್ಲಿ ಒಂದು ಆರಿಸಿ, ಎರಡೂ ಬೇಡ.

ಲಾಲ್‌ಬಾಗ್ 240 ಎಕರೆ. ಗೊತ್ತಿಲ್ಲದೆ ಒಳಗೆ ಹೊಕ್ಕರೆ ಮಕ್ಕಳನ್ನು ಎತ್ತಿಕೊಂಡೇ ವಾಪಸ್ ಬರಬೇಕು. ಹಸಿರು ಮೆಟ್ರೋದಲ್ಲಿ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು ಪಶ್ಚಿಮ ಗೇಟಿನಿಂದ ಒಳಗೆ ಹೋಗಿ. ಗಾಜಿನ ಮನೆ ನೋಡಿಕೊಂಡು ಕೆಂಪೇಗೌಡ ಗೋಪುರ ಇರುವ ಬಂಡೆಯ ಕಡೆಗೆ ನಡೆಯಿರಿ, ಮುಖ್ಯ ಗೇಟಿನಿಂದ ಹೊರಗೆ ಬನ್ನಿ. ಹೀಗೆ ಹೋದರೆ ನಡೆದ ದಾರಿಯಲ್ಲೇ ವಾಪಸ್ ನಡೆಯುವುದು ತಪ್ಪುತ್ತದೆ, ಹೊರಗೆ ಬಂದರೆ 1924ರಿಂದ ನಡೆಯುತ್ತಿರುವ ಎಂಟಿಆರ್ ಹೋಟೆಲು ಹತ್ತಿರ. ಸೋಮವಾರ ಅದಕ್ಕೆ ರಜೆ.

ಆ ಬಂಡೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿ. ಬರೀ ಫೋಟೋ ತೆಗೆದು ಇಳಿಸಿಬಿಡಬೇಡಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಬೂದು ಬಣ್ಣದ ಕಲ್ಲಿನಲ್ಲಿ ಬಿಳಿ, ಕಪ್ಪು ಪಟ್ಟೆಗಳು ಬಳುಕಿಕೊಂಡು ಹೋಗಿರುವುದು ಕಾಣುತ್ತದೆ, ಮಕ್ಕಳಿಗೆ ಬೆರಳಿಟ್ಟು ತೋರಿಸಿ. ಕರ್ನಾಟಕದ ಎಷ್ಟೋ ಊರುಗಳ ನೆಲದಡಿ ಇರುವುದು ಇದೇ ಜಾತಿಯ ಕಲ್ಲು. ಕೋಲಾರ, ತುಮಕೂರು ಕಡೆಯಿಂದ ಬಂದವರು "ಇದು ನಮ್ಮೂರ ಬಂಡೆ ಥರಾನೇ ಇದೆಯಲ್ಲ" ಅಂದರೆ ಅವರ ಮಾತು ಸರಿ. ಬಿಸಿಲೇರಿದ ಮೇಲೆ ಬಂಡೆ ಕಾಯುತ್ತದೆ, ಹತ್ತು ಗಂಟೆಯೊಳಗೆ ಹೋಗಿ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಫಲಪುಷ್ಪ ಪ್ರದರ್ಶನ ಇರುತ್ತದೆ. ಹೂವು ಚೆನ್ನ, ಆದರೆ ಆ ಜನಜಂಗುಳಿಯಲ್ಲಿ ಪುಟ್ಟ ಮಕ್ಕಳನ್ನು ಹಿಡಿದುಕೊಳ್ಳುವುದು ಕಷ್ಟ.

ಕಬ್ಬನ್ ಪಾರ್ಕ್ ಕಡೆ ಹೋದರೆ ವಿಶ್ವೇಶ್ವರಯ್ಯ ಮ್ಯೂಸಿಯಂ ಒಂದೇ ಮಕ್ಕಳಿಗೆ ಎರಡು ಗಂಟೆಗೆ ಸಾಕು. ಬಟನ್ ಒತ್ತಿ, ಹಿಡಿ ತಿರುಗಿಸಿ ನೋಡುವಂಥವು ತುಂಬಾ ಇವೆ. ಪಕ್ಕದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಜನ ಹೋಗುವುದೇ ಕಮ್ಮಿ. ಸೋಮವಾರ ರಜೆ, ಬೇರೆ ದಿನವೂ ತೆರೆದಿದೆಯಾ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಅಲ್ಲಿ ಕ್ರಿ.ಶ. 949ರ ಆತಕೂರು ಶಾಸನ ಇದೆ. ಮಂಡ್ಯ ಜಿಲ್ಲೆಯ ಆತಕೂರಿನದು. ಚೋಳರ ವಿರುದ್ಧದ ತಕ್ಕೋಲಂ ಯುದ್ಧದಲ್ಲಿ ಹೋರಾಡಿದ ಮಣಲೇರ ಅನ್ನುವ ವೀರನಿಗೆ ಗಂಗರ ರಾಜ ಬೂತುಗ "ಏನು ಬೇಕು ಕೇಳು" ಅಂದನಂತೆ. ಅವನು ಚಿನ್ನ ಕೇಳಲಿಲ್ಲ, ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿ ತಗೊಂಡ. ಆ ಕಾಳಿ ಒಂದು ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಇದು. ನಾಯಿ, ಹಂದಿ ಎದುರುಬದುರಾಗಿ ಕಾದುತ್ತಿರುವುದನ್ನು ಮೇಲ್ಗಡೆ ಕೆತ್ತಿದ್ದಾರೆ. ಈ ಕಥೆ ಹೇಳಿ ಆಮೇಲೆ ಕಲ್ಲು ತೋರಿಸಿ. ಮಕ್ಕಳು ಅಲ್ಲಿಂದ ಬೇಗ ಹೊರಡುವುದಿಲ್ಲ.

ವಿಧಾನಸೌಧ ಅಲ್ಲೇ. ಹೊರಗೆ ನಿಂತು ಫೋಟೋ ತೆಗೆಸಿಕೊಳ್ಳುವುದು ಎಲ್ಲರಿಗೂ ಬೇಕು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ, 1956ರಲ್ಲಿ ಮುಗಿದ ಈ ಕಟ್ಟಡದ ಮುಂದೆ ನಿಂತು "ಸರ್ಕಾರದ ಕೆಲಸ ದೇವರ ಕೆಲಸ" ಅನ್ನುವ ಸಾಲು ಓದಿದಾಗ ನನಗಂತೂ ಈಗಲೂ ಮನಸ್ಸು ತುಂಬುತ್ತದೆ. 2025ರ ಜೂನ್‌ನಿಂದ ಒಳಗೆ ನೋಡಲೂ ಅವಕಾಶ ಮಾಡಿದ್ದಾರೆ. ಭಾನುವಾರ, ಜೊತೆಗೆ ಎರಡನೇ ಮತ್ತು ನಾಲ್ಕನೇ ಶನಿವಾರ, ಗೈಡ್ ಜೊತೆ. ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚಿತವಾಗಿ ತಗೊಳ್ಳಬೇಕು, ಗುರುತಿನ ಚೀಟಿ ಬೇಕೇ ಬೇಕು. ಸುಮಾರು ಒಂದೂವರೆ ಗಂಟೆ ನಡಿಗೆ, ಹಾಗಾಗಿ ತೀರಾ ವಯಸ್ಸಾದವರಿಗೆ ಬೇಡ.

6. ಹೂವು, ಸೀರೆ, ಪೇಟೆ

ಕೆ.ಆರ್. ಮಾರ್ಕೆಟ್‌ಗೆ ಹೋಗುವುದಾದರೆ ಬೆಳಿಗ್ಗೆ ಎಂಟರೊಳಗೆ. ಹಳೆಯ ಕಟ್ಟಡದ ಮೊದಲ ಮಹಡಿಗೆ ಹತ್ತಿ ಕೆಳಗೆ ನೋಡಿ. ಸೇವಂತಿಗೆ, ಚೆಂಡು ಹೂವು, ಕನಕಾಂಬರ, ಗುಲಾಬಿ ರಾಶಿ ರಾಶಿ, ನಡುವೆ ತಕ್ಕಡಿ ಹಿಡಿದು ಕೂಗುವವರು, ತಲೆ ಮೇಲೆ ಮೂಟೆ ಹೊತ್ತು "ದಾರಿ ದಾರಿ" ಅನ್ನುತ್ತಾ ನುಗ್ಗುವವರು. ನೆಲ ಒದ್ದೆ, ಜಾರುತ್ತದೆ. ಒಳ್ಳೆಯ ಚಪ್ಪಲಿ, ನೆಲ ಮುಟ್ಟುವ ಸೀರೆ ಬೇಡ. ಮದುವೆಗೆಂದು ತಂದ ಒಡವೆ ರೂಮಿನಲ್ಲೇ ಬೀಗ ಹಾಕಿಟ್ಟು ಬರಲಿ, ಇದನ್ನು ಹಿಂದಿನ ರಾತ್ರಿಯೇ ಎಲ್ಲ ಹೆಂಗಸರಿಗೂ ಹೇಳಿ.

ಮಾರ್ಕೆಟ್‌ ಹತ್ತಿರವೇ ಟಿಪ್ಪುವಿನ ಬೇಸಿಗೆ ಅರಮನೆ, 1791ರಲ್ಲಿ ಮುಗಿದದ್ದು, ತೇಗದ ಕಂಬಗಳದ್ದು. ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ. ಆಮೇಲೆ ಚಿಕ್ಕಪೇಟೆ. ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಿಬಿಡಿ: ಸೀರೆ ಕೊಳ್ಳುವವರು ಮುಹೂರ್ತ ಮುಗಿದ ಮಾರನೆಯ ದಿನ ಹೋಗಲಿ. ರಿಸೆಪ್ಷನ್ ದಿನ ಸೀರೆ ಅಂಗಡಿಗೆ ಹೊಕ್ಕವರು ಎರಡು ಗಂಟೆಗೆ ವಾಪಸ್ ಬಂದ ಉದಾಹರಣೆ ನಾನು ಕಂಡಿಲ್ಲ.

ಸಂಜೆ ಬಿಡುವಿದ್ದರೆ ವಿ.ವಿ. ಪುರದ ತಿಂಡಿ ಬೀದಿ, ಸಜ್ಜನ್ ರಾವ್ ಸರ್ಕಲ್ ಬಳಿ. ಛತ್ರದ ಊಟ ಉಂಡು ಹೊಟ್ಟೆ ಭಾರ ಅಂದವರೂ ಬಿಸಿ ಹೋಳಿಗೆ ಕಂಡರೆ ಇಲ್ಲ ಅನ್ನುವುದಿಲ್ಲ.

7. ಗಾಡಿ

ಆರು ಜನಕ್ಕಿಂತ ಕಮ್ಮಿ ಇದ್ದರೆ ಮೆಟ್ರೋ, ಆಟೋ ಸಾಕು. ಮೆಟ್ರೋ ಹತ್ತದವರು ಊರಿಂದ ಬಂದಿದ್ದರೆ ಅದೇ ಒಂದು ನೋಡುವಂಥದ್ದು. ಭಾನುವಾರ ಬೆಳಿಗ್ಗೆ ಏಳಕ್ಕೆ ಶುರು ಅನ್ನುವುದು ನೆನಪಿರಲಿ. ಟಿಕೆಟ್ ಸಾಲಿನಲ್ಲಿ ನಿಲ್ಲುವುದು ಬೇಡ, ಮೊಬೈಲ್‌ನಲ್ಲಿ ತಗೊಂಡ ಒಂದೇ ಕ್ಯೂಆರ್ ಟಿಕೆಟ್‌ನಲ್ಲಿ ಆರು ಜನರವರೆಗೂ ಹೋಗಬಹುದು. ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಎಸಿ ಇಲ್ಲದ ಬಿಎಂಟಿಸಿ ಬಸ್ಸುಗಳೂ ಉಚಿತ, ಆಧಾರ್ ಕಾರ್ಡ್ ಜೊತೆಗಿರಲಿ ಅಂತ ಹೇಳಿ.

ಹತ್ತು ಹನ್ನೆರಡು ಜನ ಆದರೆ ಟಿಟಿ (ಟೆಂಪೋ ಟ್ರಾವೆಲರ್) ಮಾಡಿಸಿ. ಲೋಕಲ್ ಬಾಡಿಗೆ ಸಾಮಾನ್ಯವಾಗಿ 8 ಗಂಟೆ, 80 ಕಿಲೋಮೀಟರ್ ಲೆಕ್ಕ. ಕಿಲೋಮೀಟರ್ ಎಲ್ಲಿಂದ ಎಣಿಸುತ್ತಾರೆ, ಛತ್ರದಿಂದಲೋ ಅವರ ಶೆಡ್‌ನಿಂದಲೋ, ಡ್ರೈವರ್ ಬಾಟಾ, ಪಾರ್ಕಿಂಗ್ ಯಾರದು, ಎಲ್ಲ ಮೊದಲೇ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಡ್ರೈವರ್‌ನನ್ನು ಛತ್ರದ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿ. ಗಾಂಧಿ ಬಜಾರ್, ಚಿಕ್ಕಪೇಟೆಯಲ್ಲಿ ಟಿಟಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಇಳಿಸಿ ಕಳಿಸಿ, ಮುಗಿದ ಮೇಲೆ ಫೋನ್ ಮಾಡಿ ಕರೆಸಿಕೊಳ್ಳಿ.

8. ಹಿಂದಿನ ರಾತ್ರಿ ಗ್ರೂಪಿಗೆ ಒಂದು ಮೆಸೇಜು

ಬಾಯಲ್ಲಿ ಹೇಳಿದ್ದು ಮದುವೆ ಮನೆಯ ಗದ್ದಲದಲ್ಲಿ ನಿಲ್ಲುವುದಿಲ್ಲ. ಹೀಗೆ ಬರೆದು ಹಾಕಿ:

"ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ 8.30ಕ್ಕೆ ತಿಂಡಿ ಮುಗಿಸಿ ಛತ್ರದ ಗೇಟ್ ಹತ್ತಿರ ಬನ್ನಿ. ದೊಡ್ಡ ಬಸವಣ್ಣ, ಗವಿ ಗಂಗಾಧರೇಶ್ವರ, ಆಮೇಲೆ ಗಾಂಧಿ ಬಜಾರ್. ಮಧ್ಯಾಹ್ನ 1.30ಕ್ಕೆ ವಾಪಸ್, ಊಟ ಛತ್ರದಲ್ಲೇ. ನೀರಿನ ಬಾಟಲಿ, ಛತ್ರಿ, ಬೆಳಗಿನ ಮಾತ್ರೆ ಮರೆಯಬೇಡಿ. ಒಡವೆ ರೂಮಿನಲ್ಲಿಟ್ಟು ಬನ್ನಿ. ದೊಡ್ಡಪ್ಪ, ಅತ್ತೆ, ನಿಮಗೆ ಮುಂದಿನ ಸೀಟು ಇಟ್ಟಿದ್ದೀವಿ."

ಕೆಳಗೆ ಛತ್ರದ ಲೊಕೇಶನ್, ಜೊತೆಗೆ ಬರುವವರ ನಂಬರ್ ಹಾಕಿ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರ ಕೈಗೆ ಲಗ್ನಪತ್ರಿಕೆ ಕೊಟ್ಟು ಅದರ ಹಿಂದೆ ನಂಬರ್ ಬರೆದುಕೊಡಿ. ಛತ್ರದ ವಿಳಾಸ ಅದರಲ್ಲೇ ಇರುತ್ತದೆ, ತಪ್ಪಿಸಿಕೊಂಡರೂ ಯಾವ ಆಟೋದವರಿಗಾದರೂ ತೋರಿಸಿ ಬರಬಹುದು.

ದಿನ ನೋಡಿ ಹೊರಡಿ. ಹೆಚ್ಚಿನ ದೇವಸ್ಥಾನಗಳು ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುತ್ತವೆ, ಹಾಗಾಗಿ ದೇವಸ್ಥಾನ ಮೊದಲು, ಪಾರ್ಕು, ಅಂಗಡಿ ಆಮೇಲೆ. ನೆಹರು ತಾರಾಲಯಕ್ಕೆ ಸೋಮವಾರ ರಜೆ, ಬನ್ನೇರುಘಟ್ಟಕ್ಕೆ ಮಂಗಳವಾರ. ಏಪ್ರಿಲ್, ಮೇ ತಿಂಗಳ ಮದುವೆಗಳಲ್ಲಿ ಮಧ್ಯಾಹ್ನದ ಮೇಲೆ ಜೋರು ಮಳೆ ಬರುವುದು ಮಾಮೂಲು. ಆಗ ಬಯಲಿನ ಜಾಗ ಬೆಳಿಗ್ಗೆಯೇ ಮುಗಿಸಿ.

9. ಮಾರನೆಯ ದಿನ

ಮುಹೂರ್ತದ ಮಾರನೆಯ ದಿನ ಎಲ್ಲರಿಗೂ ಸುಸ್ತು. ಬನ್ನೇರುಘಟ್ಟ, ಮೈಸೂರು ಅಂತ ದೂರದ ಯೋಜನೆ ಹಾಕುವ ಮುಂಚೆ ಎಷ್ಟು ಜನ ನಿಜವಾಗಿ ಬರುತ್ತಾರೆ ಅಂತ ಬೆಳಿಗ್ಗೆ ಕಾಫಿ ಹೊತ್ತಿನಲ್ಲಿ ಕೇಳಿ, ಆಮೇಲೆ ಗಾಡಿ ಗಟ್ಟಿ ಮಾಡಿ. ರಾತ್ರಿ ಮೆಜೆಸ್ಟಿಕ್‌ನಿಂದ ಬಸ್ಸೋ ರೈಲೋ ಇರುವವರು ಮಲ್ಲೇಶ್ವರ, ಚಿಕ್ಕಪೇಟೆ ಅಂತ ಮೆಟ್ರೋ ಹತ್ತಿರದ ಕಡೆಯೇ ಇರಲಿ, ಒಂದೆರಡು ನಿಲ್ದಾಣ ದಾಟಿದರೆ ಮೆಜೆಸ್ಟಿಕ್. ಲಗೇಜ್ ಹೊತ್ತುಕೊಂಡು ಊರು ಸುತ್ತಿಸಬೇಡಿ. ಛತ್ರ ಖಾಲಿ ಮಾಡುವ ಸಮಯ ಮ್ಯಾನೇಜರ್ ಹತ್ತಿರ ಕೇಳಿಟ್ಟುಕೊಂಡು, ಚೀಲಗಳನ್ನು ಯಾರದಾದರೂ ಮನೆಗೆ ಸಾಗಿಸಿ, ಸಂಜೆ ಬಸ್ ಸ್ಟ್ಯಾಂಡಿಗೆ ತಂದುಕೊಡಲು ಒಬ್ಬ ಹುಡುಗನನ್ನು ಗೊತ್ತು ಮಾಡಿ. ತಾಂಬೂಲದ ಚೀಲ, ತೆಂಗಿನಕಾಯಿ, ಬುತ್ತಿ ಎಲ್ಲ ಅದೇ ಗಾಡಿಯಲ್ಲಿ ಹೋಗಲಿ.